ಅಮೆರಿಕಾ ಪ್ಲೇಟು

ಗೋದಾವರಿ ಸೇತುವೆಯ ಮೇಲೆ ರೈಲು ನಿಧಾನವಾಯಿತು. ಎದುರು ಸೀಟಿನ ಹೆಂಗಸು ಕಿಟಕಿಯ ಸರಳುಗಳ ನಡುವಿನಿಂದ ನದಿಗೆ ನಾಣ್ಯ ಹಾಕಿ ಕೈಮುಗಿದಳು. ಶೇಷಗಿರಿ ಕಣ್ಣು ಮುಚ್ಚಿಕೊಂಡು, ಮೂವತ್ತು ವರ್ಷಗಳಿಂದ ಕೇಳುತ್ತ ಬಂದ ಒಂದು ಸಂಗೀತದ ಒಂದು ಎಳೆಯಾದರೂ ನೆನಪಿಗೆ ಬಂದೀತೇ ಎಂದು ತಡಕಾಡುತ್ತಿದ್ದ. ವಿಶಾಖಪಟ್ಟಣ ಬಿಟ್ಟಾಗಿನಿಂದ ಇದೇ ಕೆಲಸ. ತುನಿಯಲ್ಲಿ ಚಹಾ ಕುಡಿಯುತ್ತ ತಡಕಾಡಿದ್ದ, ಸಾಮರ್ಲಕೋಟದಲ್ಲಿ ಗಾಡಿ ಸುಮ್ಮಸುಮ್ಮನೆ ನಿಂತಾಗಲೂ ತಡಕಾಡಿದ್ದ. ಸಿಕ್ಕಿದ್ದು ಒಂದು ಕೆಮ್ಮು ಮಾತ್ರ. ಆ ರೆಕಾರ್ಡು ಯಾವುದೋ ಸಭಾಂಗಣದಲ್ಲಿ ಜನರ ಎದುರಿಗೇ ಮಾಡಿಕೊಂಡದ್ದು. ನಡುವೆ ಎಲ್ಲೋ ಒಬ್ಬ ಮನುಷ್ಯ ಒಂದೇ ಒಂದು ಸಲ ಒಣಗಿದ ಗಂಟಲಿನಿಂದ ಕೆಮ್ಮಿ, ತಪ್ಪಾಯಿತೇನೋ ಎಂಬಂತೆ ಉಳಿದ ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಪಿಟೀಲುಗಳು, ಕಹಳೆಗಳು, ಓಬೋ ಎಂಬ ಹೆಸರಿನ ಆ ಊದುವ ವಾದ್ಯ, ಎಲ್ಲವನ್ನೂ ಶೇಷಗಿರಿ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದ. ಯಾರೋ ಅಮೆರಿಕದವನ ಕೆಮ್ಮು ಮಾತ್ರ ಒಳಗೆ ಉಳಿದುಕೊಂಡಿತ್ತು.

ಇವತ್ತು ಮಧ್ಯಾಹ್ನ ವಿಜಯವಾಡದಲ್ಲಿ ಅವನು ಆ ರೆಕಾರ್ಡಿನ ಮುಂದೆ ಕೂತು ತೀರ್ಪು ಹೇಳಬೇಕಾಗಿತ್ತು. ಹೆಂಡತಿಯ ಅಣ್ಣ ಸತ್ಯಮೂರ್ತಿಗಳಿಗೆ ಎರಡು ವರ್ಷದಲ್ಲಿ ಎರಡೂ ಕಿವಿ ಪೂರಾ ಹೋದವು. ಬೆಂಜ್ ಸರ್ಕಲ್ ಹತ್ತಿರದ ಡಾಕ್ಟರು ಕಿವಿಯ ಒಳಗೇ ಯಂತ್ರ ಕೂರಿಸುವ ಆಪರೇಷನ್ ಇದೆ, ಮಾತು ಕೇಳಿಸುತ್ತದೆ ಎಂದಿದ್ದರು. ಒಳ್ಳೆಯ ಮನುಷ್ಯ, ಮುಚ್ಚಿಡದೆ ಇನ್ನೊಂದನ್ನೂ ಹೇಳಿದ್ದರು: ಸಂಗೀತ ಮಾತ್ರ ಸಂಗೀತದ ಹಾಗೆ ಕೇಳಿಸಲಿಕ್ಕಿಲ್ಲ, ತಗಡು ಬಡಿದ ಹಾಗಾದರೂ ಆಗಬಹುದು. ಅಷ್ಟು ಸಾಕಾಯಿತು. ಪ್ಲೇಟು ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿದೆ, ಅದರ ಮೇಲೆ ತಗಡಿನ ಸದ್ದು ಸುರಿದುಕೊಂಡು ಇರುವುದನ್ನೂ ಕೆಡಿಸಿಕೊಳ್ಳಲೇ ಎಂದು ಸತ್ಯಮೂರ್ತಿಗಳು ಹಟ ಹಿಡಿದರು. ತಿಂಗಳುಗಟ್ಟಲೆ ಮನೆಯವರೆಲ್ಲ ಗೋಗರೆದ ಮೇಲೆ ತಾವೇ ಒಂದು ಷರತ್ತು ಹಾಕಿದರು. ಶೇಷಗಿರಿ ಬರಲಿ. ಪ್ಲೇಟು ಹಾಕಲಿ. ನಾನು ಅದಕ್ಕೆ ಬೆನ್ನು ತಿರುಗಿಸಿ ಕೂತು ತಲೆಯೊಳಗಿನದಕ್ಕೆ ಕೈ ಆಡಿಸುತ್ತೇನೆ. ಎರಡೂ ಕೂಡಿಕೊಂಡು ಹೋದರೆ ಆಪರೇಷನ್ ಸುದ್ದಿಯನ್ನು ಯಾರೂ ಎತ್ತಕೂಡದು. ತಪ್ಪಿದರೆ, ಎಲ್ಲಿಗೆ ಕರೆದರೆ ಅಲ್ಲಿಗೆ ಬರುತ್ತೇನೆ. ಮನೆಯಲ್ಲಿ ಇಷ್ಟು ಜನ ಇರುವಾಗ ಶೇಷಗಿರಿಯೇ ಯಾಕೆಂದು ಯಾರೂ ಕೇಳಲಿಲ್ಲ. ಆ ಬಳಗದಲ್ಲಿ ಆ ಸಂಗೀತ ತಿಳಿದ ಇನ್ನೊಬ್ಬ ಮನುಷ್ಯ ಶೇಷಗಿರಿಯೇ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಅದು ಗೊತ್ತಾದದ್ದು ಮದುವೆಯ ನಂತರದ ಮೊದಲ ಸಂಕ್ರಾಂತಿಯಲ್ಲಿ. ಆ ತೆಲುಗು ಕಡೆಯವರಲ್ಲಿ ಹೊಸ ಅಳಿಯ ಮೊದಲ ಸಂಕ್ರಾಂತಿಗೆ ಹೆಂಡತಿಯ ತವರಿಗೆ ಹೋಗಲೇಬೇಕು. ಹೋದವನು ಬಡಿಸಿದ್ದನ್ನೆಲ್ಲ ತಿನ್ನಲೇಬೇಕು, ಎಲೆಯಲ್ಲಿ ಏನಾದರೂ ಉಳಿಸಿದರೆ ಮೈದುನಂದಿರು ಮುಂದಿನ ಸಂಕ್ರಾಂತಿಯವರೆಗೆ ಗೇಲಿ ಮಾಡುತ್ತಾರೆ. ಕಜ್ಜಾಯ, ವಡೆ, ಪುಳಿಹೊರ, ತುಪ್ಪ ಸುರಿದ ಹೂರಣದುಂಡೆ, ಅದರ ಮೇಲೆ ಮತ್ತೆ ಕಜ್ಜಾಯ. ಉಂಡವನನ್ನು ಮಲಗಲು ಬಿಡುವುದು ಬಿಟ್ಟು ಸತ್ಯಮೂರ್ತಿಗಳು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋಗಿ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ತಾವು ವಿಶಾಖಪಟ್ಟಣದಲ್ಲಿ ಓದುವಾಗ ಊರು ಬಿಟ್ಟು ಹೊರಟಿದ್ದ ಒಬ್ಬ ಅಮೆರಿಕನ್ ಪ್ರಾಧ್ಯಾಪಕ ಕೊಟ್ಟುಹೋದ ರೆಕಾರ್ಡಂತೆ. ಹೋದ ಶತಮಾನದ ಅವರದೇ ದೇಶದ ಒಬ್ಬ ಸಂಯೋಜಕ ದೊಡ್ಡ ವಾದ್ಯಮೇಳಕ್ಕೆಂದು ಬರೆದದ್ದು. ಹೊದಿಕೆಯ ಮೇಲೆ ಕೋಟು ಹಾಕಿದ ಒಬ್ಬ ಮನುಷ್ಯ ಬೇಲಿಗೆ ಒರಗಿ ನಿಂತಿದ್ದ. ಮನೆಯವರ ಬಾಯಲ್ಲಿ ಅದು ಅಮೆರಿಕಾ ಪ್ಲೇಟು. "ಧಾರವಾಡದವರಿಗೆ ನಾವೇನು ಹೇಳಿಕೊಡೋದು ಬಾವಗಾರು, ನೀವು ಕೇಳಿ ನಮಗೆ ಹೇಳಬೇಕು" ಎಂದು ಸತ್ಯಮೂರ್ತಿಗಳು ಮುಳ್ಳು ಇಳಿಸಿದರು. ಧಾರವಾಡವೆಂದರೆ ಅಲ್ಲಿ ನಲ್ಲಿ ತಿರುಗಿಸಿದರೂ ಆಲಾಪ ಬರುತ್ತದೆಂದು ಅವರೆಲ್ಲ ನಂಬಿದ್ದರು. ಶೇಷಗಿರಿಯ ಮನೆಯಲ್ಲಿ ಹಾಡಿದವರೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಸಂಗೀತದ ಪಾಠ ಶುರುವಾದ ಕೂಡಲೇ ಅವನ ಅಪ್ಪ ಎದ್ದು ಕಿಟಕಿ ಹಾಕುತ್ತಿದ್ದರು. ಇದನ್ನು ಅಲ್ಲಿ, ಬಾಗಿಲಲ್ಲಿ ನಿಂತ ಹೆಂಗಸರ ಮುಂದೆ ಹೇಳಿದರೆ ಊರಿನ ಮಾನ ಹೋಗುತ್ತಿತ್ತು. ಅವನು ಕಣ್ಣು ಮುಚ್ಚಿದ. ಫ್ಯಾನಿನ ಗಾಳಿ, ಹೊಟ್ಟೆಯಲ್ಲಿ ಕಜ್ಜಾಯ. ಅರ್ಧಕ್ಕೆ ಒಂದು ಆಕಳಿಕೆ ಎದೆಯ ಆಳದಿಂದ ಎದ್ದು ಬಂತು. ಹೊಸ ಅಳಿಯ ಮಾವನ ಮನೆಯಲ್ಲಿ ಬಾಯಿ ತೆರೆದು ಆಕಳಿಸಬಾರದೆಂಬ ತಿಳಿವಳಿಕೆ ಇದ್ದುದರಿಂದ ಅದನ್ನು ಹಲ್ಲು ಕಚ್ಚಿ ನುಂಗಿದ. ನುಂಗಿದ ಆಕಳಿಕೆ ಕಣ್ಣಿನಿಂದ ಹೊರಬಂತು. ಎರಡೂ ಕೆನ್ನೆಯ ಮೇಲೆ ನೀರು ಇಳಿಯಿತು, ಸತ್ಯಮೂರ್ತಿಗಳು ಅದನ್ನು ನೋಡಿದರು. ಪ್ಲೇಟು ಮುಗಿದ ಮೇಲೆ ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಆಗಲೇ ಹೇಳಿಬಿಡಬಹುದಾಗಿತ್ತು. ಕೈ ಬೆಚ್ಚಗಿತ್ತು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಅಂದಿನಿಂದ ವಿಜಯವಾಡಕ್ಕೆ ಹೋದಾಗಲೆಲ್ಲ ಊಟವಾದ ಮೇಲೆ ಮಾಳಿಗೆ, ಬೆತ್ತದ ಕುರ್ಚಿ, ಪ್ಲೇಟು. ಶೇಷಗಿರಿ ಕಣ್ಣು ಮುಚ್ಚಿ ಆಫೀಸಿನ ವಿಷಯ ಯೋಚಿಸುತ್ತಿದ್ದ, ಮಗಳು ಜಾಹ್ನವಿಯ ಫೀಸು, ಸೋರುವ ಟ್ಯಾಂಕು, ಬಡ್ತಿ ತಪ್ಪಿಸಿದವನ ಮುಖ. ಬೇಸರವಾದಾಗ ರೆಪ್ಪೆಯನ್ನು ಒಂದಿಷ್ಟು ಎತ್ತಿ ಬಾವನ ಬಲಗೈ ನೋಡುತ್ತಿದ್ದ. ಸತ್ಯಮೂರ್ತಿಗಳು ಕೇಳುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಅಂಗೈ ಕೆಳಗೆ ಮಾಡಿ ಮೇಜು ಒರೆಸಿದ ಹಾಗೆ, ಒಮ್ಮೆ ಬೆರಳುಗಳನ್ನು ಮಾತ್ರ ಅದುರಿಸುತ್ತ, ಒಮ್ಮೆ ಎತ್ತಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ. ಈ ಮೂವತ್ತು ವರ್ಷದಲ್ಲಿ ಆ ಮನುಷ್ಯ ಇನ್ಯಾರನ್ನೂ ಅಷ್ಟು ಹತ್ತಿರ ಕೂರಿಸಿಕೊಂಡಿರಲಿಲ್ಲ. ಸ್ವಂತ ಅಣ್ಣಂದಿರೇ ಹಾಗೆ ಕೈಹಿಡಿದು ಕೂರದ ಶೇಷಗಿರಿಗೆ ಅದು ಬೇಕಾಗಿತ್ತು. ಅದಕ್ಕಾಗಿ ತಾನು ಕೊಡುತ್ತಿದ್ದುದು ಮುಚ್ಚಿದ ಕಣ್ಣು ಮಾತ್ರ ಎಂಬುದು ಆಗಾಗ ಊಟದ ನಡುವೆ ಸಿಕ್ಕ ಕಲ್ಲಿನಂತೆ ಕಚ್ಚುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ರಾಜ್ಯಶ್ರೀ ಚೀಲದಲ್ಲಿ ಅಣ್ಣನಿಗೆ ಚಕ್ಕುಲಿ ತುಂಬುತ್ತಿದ್ದಳು. ಅವಳ ಶಾಲೆಯಲ್ಲಿ ಏನೋ ಪರೀಕ್ಷೆ, ಭಾನುವಾರವೂ ಕೆಲಸ, ಬರುವ ಹಾಗಿರಲಿಲ್ಲ. ಅವಳ ತಾಯಿ ಬಳ್ಳಾರಿಯವರಾದ್ದರಿಂದ ತವರಿನಲ್ಲೂ ಅಷ್ಟಿಷ್ಟು ಕನ್ನಡ ಇತ್ತು, ಆದರೆ ಅವಳು ಈಗ ಆಡುವುದು ಅತ್ತೆಯಿಂದ ಕಲಿತ ಧಾರವಾಡದ್ದು. "ತಪ್ಪೇದ ಅಂತ ಹೇಳಿಬಿಡ್ರಿ. ಅಷ್ಟ ಸಾಕು. ಅಣ್ಣಾ ನಿಮ್ಮ ಮಾತು ಮೀರೂದಿಲ್ಲ" ಎಂದಳು.

"ತಪ್ಪಿರಲಿಲ್ಲ ಅಂದ್ರ?"

"ತಪ್ಪೇದೋ ಸರಿ ಅದನೋ ನಿಮಗ ಹ್ಯಾಂಗ ಗೊತ್ತಾಗ್ತದ?" ಎಂದು ಚೀಲದ ಜಿಪ್ಪು ಎಳೆದಳು. ಕುಹಕವಿರಲಿಲ್ಲ, ಹಾಲು ಬಂದಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದ್ದಳು. ಹಾಗಾದರೆ ಇವಳಿಗೆ ಗೊತ್ತು. ಎಂದಿನಿಂದ? ಆ ಸಂಕ್ರಾಂತಿಯ ದಿನ ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಇವಳೂ ಇದ್ದಳಲ್ಲವೇ. ಆಕಳಿಕೆ ನುಂಗುವ ಗಂಡನ ಮುಖ ಹೇಗಿರುತ್ತದೆಂದು ಹೊಸ ಹೆಂಡತಿಗೆ ತಿಳಿಯಲು ಮೂವತ್ತು ವರ್ಷ ಬೇಕಾಗುವುದಿಲ್ಲ. ಇಷ್ಟು ದಿನ ಅವಳು ಹೇಳದೆ ಇದ್ದದ್ದು ಮರ್ಯಾದೆಯೋ ಕನಿಕರವೋ ತಿಳಿಯದೆ ಅವನು ಚಪ್ಪಲಿ ಮೆಟ್ಟಿ ಇಳಿದುಬಂದಿದ್ದ. ಆಟೋದಲ್ಲಿ ಕೂತ ಮೇಲೆ ಕಿವಿಯ ಹತ್ತಿರ ಬಿಸಿಯಾಯಿತು.

ಅವಳ ಮಾತು ಕೆಣಕಿದ್ದು ಅವನ ಕಸುಬನ್ನು. ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥ. ಅವನ ಸಹಿ ಬೀಳದೆ ಒಂದು ಮಾತ್ರೆಯೂ ಹೊರಗೆ ಹೋಗುವುದಿಲ್ಲ. ಹೋದ ವಾರವೇ ಕೂದಲೆಳೆಯಷ್ಟು ಏರುಪೇರಾದ ಒಂದು ಬ್ಯಾಚನ್ನು, ಉತ್ಪಾದನೆಯವರು ಬಂದು ಮುಂದೆ ನಿಂತರೂ, ಆಗುವುದಿಲ್ಲ ಎಂದು ತಿರುಗಿಸಿದ್ದ. ಇಲ್ಲದ್ದನ್ನು ಇದೆ ಎಂದು ಒಂದು ಸಲವೂ ಬರೆದವನಲ್ಲ. ಈಗ ಇದನ್ನೂ ಹಾಗೇ ನೋಡಬಾರದೇಕೆ ಎಂದುಕೊಂಡ. ಒಂದು ಕಡೆ ಪ್ಲೇಟು, ಇನ್ನೊಂದು ಕಡೆ ಕೈ, ಎರಡನ್ನೂ ಹೊಂದಿಸಿ ನೋಡಿದರಾಯಿತು. ಆದರೆ ಇಲ್ಲಿ ಅಳೆಯುವ ಯಂತ್ರ ತಾನೇ, ಅದನ್ನು ಇಷ್ಟು ವರ್ಷದಲ್ಲಿ ಒಂದು ದಿನವೂ ಪರೀಕ್ಷಿಸಿ ನೋಡಿಲ್ಲ. ಪರೀಕ್ಷೆಗೆ ಓದಿಕೊಳ್ಳುವ ಹುಡುಗನ ಹಾಗೆ ಅವನು ವಾರವಿಡೀ ಒದ್ದಾಡಿದ್ದ. ಜಾಹ್ನವಿ ಎಲ್ಲೋ ಹುಡುಕಿ ಆ ಸಂಗೀತವನ್ನು ಫೋನಿಗೆ ಕಳಿಸಿದ್ದಳು. ಕಂಪನಿ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರೆ ಅದರಲ್ಲಿ ಕೆಮ್ಮೇ ಇರಲಿಲ್ಲ. ಮಗಳಿಗೆ ಹಾಗೆಂದು ಹೇಳಿದ. "ಅದು ಬೇರೆ ಮೇಳದವರ ರೆಕಾರ್ಡಿಂಗು ನಾನ್ನಾ, ಮಾವಯ್ಯನ ಹತ್ರ ಇರೋದು ಎಲ್ಲೂ ಸಿಗಲ್ಲ" ಎಂದು ನಕ್ಕಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಲ್ಯಾಬಿನ ಸಾಯಿಕಿರಣ್ ಸಲಿಗೆಯಿಂದ ಇಯರ್‌ಫೋನಿನ ಒಂದು ಎಳೆ ತನ್ನ ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿ, "ಇದು ಯಾವುದೋ ಯುದ್ಧದ ಸಿನಿಮಾದ್ದಲ್ಲವಾ ಸರ್?" ಎಂದಿದ್ದ. ಲ್ಯಾಬಿನಲ್ಲಿ ಇವನ ಮುಂದೆ ಉಸಿರೆತ್ತದ ಹುಡುಗ. ಅಲ್ಲ ಎಂದರೆ ಏನೆಂದು ಹೇಳಬೇಕಾಗುತ್ತಿತ್ತು, ಶೇಷಗಿರಿ ಹೌದು ಎಂದ.

ರೈಲು ಏಲೂರು ದಾಟಿತು. ಬಿಸಿಲಿಗೆ ಹೊಲಗಳು ಬೆಳ್ಳಗೆ ಕಾಣುತ್ತಿದ್ದವು. ತಪ್ಪಿರಲಿ, ದೇವರೇ, ನಿಜವಾಗಿಯೂ ತಪ್ಪಿರಲಿ ಎಂದು ಅವನು ಕೇಳಿಕೊಂಡ. ಹಾಗಾದರೆ ಎಲ್ಲ ಸುಲಭವಾಗುತ್ತಿತ್ತು. ಒಬ್ಬ ಮುದುಕನ ತಲೆಯೊಳಗಿನ ಕಟ್ಟಕಡೆಯ ಆಸ್ತಿ ಕೆಟ್ಟುಹೋಗಿರಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಹೊಳೆದು ಕಣ್ಣು ಬಿಟ್ಟ. ಎದುರಿನ ಹೆಂಗಸು ಕಿತ್ತಳೆ ಸುಲಿದು ಒಂದು ತೊಳೆ ಮುಂದೆ ಹಿಡಿದಿದ್ದಳು. ತೆಗೆದುಕೊಂಡು ತಿಂದ, ಹುಳಿ ಇತ್ತು.

ಭಾನುವಾರವಾದ್ದರಿಂದ ಒನ್ ಟೌನಿನ ಸಗಟು ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸತ್ಯಮೂರ್ತಿಗಳದು ಕಾಗದದ ಅಂಗಡಿ, ಮನೆ ಅದರ ಮೇಲೆ. ಮೆಟ್ಟಿಲ ತುದಿಯಲ್ಲಿ ಅವರೇ ನಿಂತಿದ್ದರು. ಮೊದಲಾದರೆ ಪಕ್ಕದಲ್ಲಿ ಕೂತವನಿಗೂ ಬಗ್ಗಿ ಕೇಳುವಷ್ಟು ಮೆತ್ತಗೆ ಮಾತಾಡುವವರು, ಈಗ "ಬನ್ನಿ ಬಾವಗಾರು, ಟ್ರೈನು ಲೇಟಾ" ಎಂದದ್ದು ಓಣಿಗೆಲ್ಲ ಕೇಳಿಸಿತು. ಗೋಡೆಗೆ ಮಕ್ಕಳ ಸ್ಲೇಟೊಂದು ತೂಗುಹಾಕಿತ್ತು. ಅದರ ಮೇಲೆ ಅರ್ಧ ಅಳಿಸಿದ ತೆಲುಗು ಅಕ್ಷರಗಳು: ಅನ್ನ, ಬಿಪಿ ಮಾತ್ರೆ, ಸ್ನಾನ. ಶೇಷಗಿರಿ ಬಳಪ ತೆಗೆದುಕೊಂಡು ಲೇಟಿಲ್ಲ ಎಂದು ಬರೆದ. ಸತ್ಯಮೂರ್ತಿಗಳು ಓದಿ, "ಇಷ್ಟು ವರ್ಷವಾದರೂ ನಿಮ್ಮ ತೆಲುಗಿನ ತಲೆಕಟ್ಟು ಕನ್ನಡದ್ದೇ" ಎಂದು ನಕ್ಕು ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದರು. ಅವರು ಇಷ್ಟು ಉಲ್ಲಾಸದಿಂದ ಇರುತ್ತಾರೆಂದು ಶೇಷಗಿರಿ ಎಣಿಸಿರಲಿಲ್ಲ. ಗೆಲ್ಲುವುದು ಖಚಿತವಾದ ಮನುಷ್ಯನ ಉಲ್ಲಾಸ ಅದು.

ಬಾವನ ಹೆಂಡತಿ ಕೋಟೇಶ್ವರಮ್ಮ ಅವನನ್ನು ಅನ್ನಯ್ಯಗಾರು ಎಂದು ಕರೆಯುತ್ತಿದ್ದಳು. ತೆಲುಗಿನವರ ಲೆಕ್ಕದಲ್ಲಿ ಅವರಿಬ್ಬರೂ ಅಣ್ಣತಂಗಿಯರ ವರಸೆ, ಅವನೂ ಅಕ್ಕ ಎನ್ನುತ್ತಿದ್ದ, ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಅವಳು ಗುಂಟೂರಿನವಳು. ಅತ್ತೆಯ ಬಳ್ಳಾರಿ ಕನ್ನಡಕ್ಕೆ ತನ್ನ ತೆಲುಗನ್ನು ಹೊಲಿದು ತನ್ನದೇ ಒಂದು ಭಾಷೆ ಮಾಡಿಕೊಂಡಿದ್ದಳು. ಊಟ ಬಡಿಸುವಾಗ ಒಂದೇ ಸಮನೆ ಮಾತಾಡಿದಳು, ಬೇಳೆಯ ರುಚಿ, ಪಕ್ಕದ ಮನೆಯ ಬಾಡಿಗೆಯವರ ಮಗು, ಕಾಲುವೆ ರಸ್ತೆಯ ಧೂಳು. ಒಂದೂ ಗಂಡನ ಕಡೆ ಹೋಗುವಂಥದಲ್ಲ. ಅವರು ತಲೆ ಬಗ್ಗಿಸಿ ಉಂಡು, ಎದ್ದು, ಪ್ಲೇಟು ಒರೆಸಬೇಕೆಂದು ಮಾಳಿಗೆಗೆ ಹೋದರು. ಹೋದ ಮೇಲೆ ಅವಳ ಮಾತು ನಿಂತಿತು. ಎಲೆ ಎತ್ತುತ್ತ, ಮುಖ ಎತ್ತದೆ, ಹೇಳಿದಳು.

"ಹೋದ ತಿಂಗಳು ಬಚ್ಚಲಲ್ಲಿ ಬಿದ್ದೆ ಅನ್ನಯ್ಯಗಾರು. ರಾಜ್ಯಶ್ರೀಗೂ ಹೇಳಿಲ್ಲ. ಸೊಂಟ ಹಿಡಕೊಂಡಿತು, ಏಳೋಕಾಗಲಿಲ್ಲ. ಏಮಂಡಿ, ಏಮಂಡಿ ಅಂತ ಕೂಗಿದೆ. ಅವರು ಪಕ್ಕದ ರೂಮಲ್ಲೇ ಇದ್ದರು. ಬಾಗಿಲ ಸಂದಿಯಿಂದ ಅವರ ಕೈ ಕಾಣ್ತಿತ್ತು. ಗಾಳೀಲಿ ಆಡಿಸ್ತಾ ಇದ್ದರು."

"ಆಮೇಲೆ?"

"ಆಮೇಲೇನು, ಪಾತ್ರೆ ತೊಳೆಯೋಕೆ ಬಂದ ಕಾಳಮ್ಮ ಎತ್ತಿದಳು. ಅಷ್ಟು ಹೊತ್ತೂ ಆ ಕೈ ನೋಡ್ತಾ ಮಲಗಿದ್ದೆ."

"ಅವರಿಗೆ ಹೇಳಲಿಲ್ಲವಾ ಅಕ್ಕ?"

"ಏನಂತ? ಬಿದ್ದೆ ಅಂತ ಸ್ಲೇಟಿನ ಮೇಲೆ ಬರೀಲಾ?" ಎಂದಳು. ಸಿಟ್ಟಿರಲಿಲ್ಲ. ಎಲೆಗಳನ್ನು ಮಡಿಸಿ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತಳು. "ಇದನ್ನ ಹೇಳಿದೆ ಅಂತ ನೀವು ಅಲ್ಲಿ ಸುಳ್ಳು ಹೇಳಬೇಡಿ ಮತ್ತೆ. ಇದ್ದದ್ದು ಇದ್ದ ಹಾಗೆ ಹೇಳಿ. ಅವರಿಗೆ ನಿಮ್ಮ ಮೇಲೆ ಇರೋ ನಂಬಿಕೆ ನನ್ನ ಮೇಲೂ ಇಲ್ಲ." ಶೇಷಗಿರಿ ತಲೆಯಾಡಿಸಿದ. ಮನೆಯಲ್ಲಿ ಒಬ್ಬಳು ಸುಳ್ಳು ಹೇಳು ಎಂದು ಕಳಿಸಿದ್ದಳು, ಇಲ್ಲಿ ಇನ್ನೊಬ್ಬಳು ನಿಜ ಹೇಳು ಎನ್ನುತ್ತಿದ್ದಾಳೆ. ನಿಜ ಗೊತ್ತಾಗುವ ಸಾಮರ್ಥ್ಯ ತನಗಿದೆಯೆಂದು ನಂಬಿದವಳ ಮುಂದೆ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಮಾಳಿಗೆಯ ಕೋಣೆಯಲ್ಲಿ ಎಲ್ಲ ಸಿದ್ಧವಾಗಿತ್ತು, ಸ್ಲೇಟೂ ಮೇಲೆ ಬಂದಿತ್ತು. ಪ್ಲೇಟು ತಿರುಗುವಾಗ ನೆಲದ ಅದುರು ಕೂಡ ಕಾಲಿಗೆ ತಾಗಬಾರದೆಂದು ಸತ್ಯಮೂರ್ತಿಗಳು ಮಂಚದ ಮೇಲೆ ದಪ್ಪ ಹಾಸಿಗೆ ಹಾಕಿಸಿ, ಕಾಲು ಮಡಿಚಿ, ಯಂತ್ರಕ್ಕೆ ಬೆನ್ನು ಮಾಡಿ ಕೂತಿದ್ದರು. ಮೋಸದ ಆಟ ಆಡುವವರಲ್ಲ. "ಬಾವಗಾರು, ನಿಮಗೆ ಗೊತ್ತೇ ಇರೋ ಜಾಗ" ಎಂದು ಗೋಡೆಗೆ ಮುಖ ಮಾಡಿಯೇ ಹೇಳಿದರು. "ಎಲ್ಲರೂ ನುಡಿಸೋದು ನಿಲ್ಲಿಸಿ ಓಬೋ ಒಂದೇ ಉಳಿಯುತ್ತಲ್ಲ, ಅದಾದ ಮೇಲೆ ಕೆಳಗಿನ ತಂತಿಗಳು, ಆ ದಪ್ಪ ದನಿಯ ದೊಡ್ಡ ಪಿಟೀಲುಗಳು, ಬರೋದು. ಅದಕ್ಕೆ ತಾಳ ಇಲ್ಲ, ಎಣಿಸೋಕಾಗಲ್ಲ. ಒಳಗಿಂದಲೇ ಗೊತ್ತಾಗಬೇಕು. ಬೇರೆ ಎಲ್ಲಾದರೂ ಚೂರು ಹಿಂದೆಮುಂದೆ ಆದರೆ ಬಿಟ್ಟುಬಿಡಿ, ನನಗೂ ವಯಸ್ಸಾಯಿತು. ಅಲ್ಲಿ ಸರಿ ಇದ್ದರೆ ಎಲ್ಲ ಸರಿ. ಅಲ್ಲಿ ತಪ್ಪಿದರೆ ನನ್ನ ಹತ್ತಿರ ಏನೂ ಇಲ್ಲ." ನಿಮಗೆ ಗೊತ್ತೇ ಇರೋ ಜಾಗ. ಶೇಷಗಿರಿ ಇಳಿಸಿದ ಮುಳ್ಳು ಪ್ಲೇಟಿನ ಅಂಚಿಗೆ ಕರಕ್ಕೆಂದು ತಾಗಿತು. ಆ ಸದ್ದು ಅವರಿಗೆ ಕೇಳಿಸಲಿಲ್ಲ. ಅವನು ಅವರ ಹೆಗಲು ಮುಟ್ಟಿದ. ಕೈ ಎದ್ದಿತು.

ಮೊದಲು ಧೂಳಿನ ಚಿಟಪಟ. ಆಮೇಲೆ ಕೆಳಗಿನ ತಂತಿಗಳು, ಬಾಗಿಲಾಚೆ ಯಾರೋ ಭಾರದ ಪೆಟ್ಟಿಗೆ ಮೆಲ್ಲಗೆ ಸರಿಸಿದ ಹಾಗೆ. ಬಾವನ ಅಂಗೈ ಕೆಳಮುಖವಾಗಿ ಎಡದಿಂದ ಬಲಕ್ಕೆ ಹೋಯಿತು, ಮೇಜು ಒರೆಸುವ ಆ ಹಳೆಯ ಚಲನೆ. ಶೇಷಗಿರಿ ಕುರ್ಚಿಯ ತುದಿಗೆ ಸರಿದ. ಈ ಕೈಯನ್ನು ಅವನು ನೂರಾರು ಸಲ ನೋಡಿದ್ದ, ಈ ಸದ್ದೂ ಅಷ್ಟೇ ಸಲ ಅವನಿದ್ದ ಕೋಣೆಯಲ್ಲಿ ಆಗಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ ಅಷ್ಟೇ. ಬೆರಳು ಅದುರಿತು. ಅದುರಿದ ಕಡೆಯೇ ಕೊಳಲುಗಳು ಬಂದವು. ಇನ್ನು ಕೈ ಮೇಲೇಳುತ್ತದೆ ಎಂದುಕೊಂಡ, ಎದ್ದಿತು, ಕಹಳೆಗಳು ಅದರ ಜೊತೆಗೇ ಎದ್ದವು. ಕಾಯುತ್ತ ಕೂತವನಿಗೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ತಿಳಿಯಿತು. ಮುಂದೆ ಬರುವುದು ಕೈ ನೋಡದೆಯೂ ಗೊತ್ತಾಗುತ್ತಿತ್ತು. ಸೋರುವ ಟ್ಯಾಂಕನ್ನೂ ಬಡ್ತಿ ತಪ್ಪಿಸಿದವನನ್ನೂ ಯೋಚಿಸುತ್ತ ಕೂತಿದ್ದಾಗ ಇದೆಲ್ಲ ಅವನನ್ನು ಕೇಳದೆ ಒಳಗೆ ಹೋಗಿ ಜಾಗ ಹಿಡಿದಿತ್ತು. ಈ ತಿರುವು ಬಡ್ತಿ ತಪ್ಪಿದ ವರ್ಷದ್ದು. ಇಲ್ಲಿ ಪಿಟೀಲುಗಳು ಒಂದರ ಮೇಲೊಂದು ಬರುವಲ್ಲಿ ಜಾಹ್ನವಿಗೆ ಜ್ವರ ಬಂದಿತ್ತು. ಕೆಮ್ಮು ಬಂತು. ಸತ್ಯಮೂರ್ತಿಗಳ ಕಿರುಬೆರಳು ಸಣ್ಣಗೆ ಹಾರಿತು, ಅವರು ಕೆಮ್ಮನ್ನೂ ಬಿಟ್ಟಿರಲಿಲ್ಲ. ಇದು ಇಷ್ಟು ಚೆನ್ನಾಗಿದೆ ಎಂದು ಯಾರೂ ಯಾಕೆ ಹೇಳಲಿಲ್ಲ ಎಂದು ಶೇಷಗಿರಿಗೆ ಅನ್ನಿಸಿತು. ಪಕ್ಕದಲ್ಲೇ ಕೂತು ಒಬ್ಬ ಮನುಷ್ಯ ಹೇಳುತ್ತಲೇ ಇದ್ದ.

ನಡುನಡುವೆ ಅವನ ಒಳಗಿನ ಪರೀಕ್ಷಕ ಎಚ್ಚೆತ್ತು, ತಪ್ಪುತ್ತದೆಯೇ, ಈಗಾದರೂ ತಪ್ಪುತ್ತದೆಯೇ ಎಂದು ಹೊಂಚಿ ನೋಡುತ್ತಿದ್ದ. ತಪ್ಪಲಿಲ್ಲ. ಗೋಡೆಗೆ ಮುಖ ಮಾಡಿ ಕೂತ ಒಬ್ಬ ಕಿವುಡ ಮುದುಕ, ಎಂದೋ ಎಲ್ಲೋ ನುಡಿಸಿ ಎದ್ದುಹೋದ ಅಷ್ಟೂ ಜನರ ಜೊತೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದ. ವಾದ್ಯಗಳೆಲ್ಲ ಒಟ್ಟಿಗೆ ಏರಿದವು, ಕೋಣೆ ತುಂಬಿತು, ಆಮೇಲೆ ಒಂದೊಂದಾಗಿ ಬಿಟ್ಟುಹೋದವು. ಓಬೋ ಒಂದೇ ಉಳಿಯಿತು. ಒಂದೇ ಸ್ವರ, ಅಲುಗದೆ. ಸತ್ಯಮೂರ್ತಿಗಳ ಕೈ ಗಾಳಿಯಲ್ಲಿ ನಿಂತಿತು. ಆ ಸ್ವರದ ಮೇಲೆಯೇ ಕೆಳಗಡೆ ಅಡಿಗೆಮನೆಯಿಂದ ಕೋಟೇಶ್ವರಮ್ಮನ ದನಿ ಬಂತು: "ಏಮಂಡೀ, ಕಾಫಿ ಈಗಲೇ ಇಡಲಾ?" ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಜೀವಮಾನದ ಅಭ್ಯಾಸದಿಂದ, ಬಾಯಿ ತಪ್ಪಿ ಬಂದ ಕೂಗು. ಶೇಷಗಿರಿ ತಿರುಗಿದ. ಮಂಚದ ಮೇಲಿನ ಬೆನ್ನು ಅಲುಗಲಿಲ್ಲ. ಕೂಗು ಉತ್ತರಕ್ಕೆ ಕಾದಂತೆ ಒಂದು ಕ್ಷಣ ಮೆಟ್ಟಿಲ ಮೇಲೆ ನಿಂತು, ಪಾತ್ರೆಯ ಸದ್ದಿನಲ್ಲಿ ಕಳೆದುಹೋಯಿತು. ಓಬೋ ಇನ್ನೂ ಇತ್ತು. ಆಗ ಕೈ ಇಳಿಯಿತು, ಅವಸರವಿಲ್ಲದೆ, ಬಟ್ಟೆ ಹಾಸುವ ಹಾಗೆ, ಮತ್ತು ಅದೇ ಹೊತ್ತಿಗೆ, ಒಂದು ಎಳೆಯೂ ಹಿಂದೆಮುಂದೆ ಇಲ್ಲದೆ, ಕೆಳಗಿನ ತಂತಿಗಳು ಬಂದವು. ಶೇಷಗಿರಿಯ ಕೆನ್ನೆ ಒದ್ದೆಯಾಗಿತ್ತು. ಈ ಸಲ ಅದನ್ನು ನೋಡುವವರು ಯಾರೂ ಇರಲಿಲ್ಲ.

ಪ್ಲೇಟಿನ ಆ ಮಗ್ಗಲು ಮುಗಿದು ಮುಳ್ಳು ಖಾಲಿ ಸುತ್ತುತ್ತಿದ್ದರೂ ಅವನು ಏಳಲಿಲ್ಲ. ಅವನು ಮಂಚದ ಮುಂದೆ ಬಂದು ನಿಲ್ಲುವಷ್ಟರಲ್ಲಿ ಕಣ್ಣು ಒರೆಸಿಕೊಂಡಿದ್ದ. ಸತ್ಯಮೂರ್ತಿಗಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಎತ್ತಿದರು. ಫಲಿತಾಂಶ ಗೊತ್ತಿದ್ದೂ ಇನ್ನೊಬ್ಬರ ಬಾಯಿಂದ ಕೇಳುವ ಆಸೆ ಅದರಲ್ಲಿತ್ತು. "ಹೇಳಿ ಬಾವಗಾರು" ಎಂದರು. ಶೇಷಗಿರಿ ಸ್ಲೇಟು ಎತ್ತಿಕೊಂಡ. ಸರಿ ಎಂದು ಎರಡು ಅಕ್ಷರ ಬರೆದರೆ ಈ ಮನುಷ್ಯ ಸಾಯುವವರೆಗೆ ತನ್ನ ಮೇಳದ ಜೊತೆ ಸುಖವಾಗಿರುತ್ತಿದ್ದರು, ಕೆಳಗಿನವಳು ಬಚ್ಚಲಿನ ನೆಲದಿಂದ ಆ ಕೈಯನ್ನು ನೋಡುತ್ತ ಇರುತ್ತಿದ್ದಳು. ಇಂಥದಕ್ಕೆ ಸಹಿ ಹಾಕುವ ಪದ್ಧತಿ ಅವನಿಗೆ ಯಾರೂ ಕಲಿಸಿರಲಿಲ್ಲ. ಬಳಪ ಕೀರಿತು. ತಪ್ಪಿತು ಎಂದು ಬರೆದ.

ಸತ್ಯಮೂರ್ತಿಗಳು ಅದನ್ನು ಓದಿ, ಮತ್ತೆ ಓದಿದರು. ಅಕ್ಷರದಲ್ಲೇನಾದರೂ ಕನ್ನಡ ಬೆರೆತಿದೆಯೇ ಎಂದು ನೋಡಿದ ಹಾಗಿತ್ತು. "ಎಲ್ಲಿ?" ಎಂದರು. ದನಿ ಎಷ್ಟೋ ದಿನದ ಮೇಲೆ ಮೊದಲಿನ ಹಾಗೆ ಮೆತ್ತಗಾಗಿತ್ತು.

ಬೇರೆ ಎಲ್ಲಿಯ ಹೆಸರು ಹೇಳಿದರೂ ಅವರು ನಕ್ಕು ಬಿಟ್ಟುಬಿಡುತ್ತಿದ್ದರು. ತಾವೇ ಹಾಗೆ ಹೇಳಿ ಉಳಿದ ದಾರಿಗಳನ್ನೆಲ್ಲ ಮುಚ್ಚಿದ್ದರು. ಶೇಷಗಿರಿ ಕೆಳಗೆ ಇನ್ನೊಂದು ಮಾತು ಬರೆದ. ಓಬೋ.

"ಬೇಗ ಬಂದೆನಾ, ತಡವಾಯಿತಾ?"

ಬೇಗ ಎಂದು ಬರೆದ. ಯಾಕೆ ಬೇಗ, ಯಾಕೆ ತಡವಲ್ಲ, ಅವನಿಗೇ ಗೊತ್ತಿರಲಿಲ್ಲ. ಸತ್ಯಮೂರ್ತಿಗಳು ಓದಿ ಗೋಣು ಹಾಕಿ, "ಅಲ್ಲಿ ನನಗೂ ಅನುಮಾನ ಇತ್ತು" ಎಂದರು. ಇರಲಿಲ್ಲವೆಂದು ಶೇಷಗಿರಿಗೆ ಗೊತ್ತಿತ್ತು. ಆ ಕೈಯನ್ನು ಅವನು ಈಗಷ್ಟೇ ನೋಡಿದ್ದ. ಅವನ ಮಾತು ಸುಳ್ಳಾಗಬಾರದೆಂದು ಆ ಅನುಮಾನ ಅವರಲ್ಲಿ ಈಗ, ಅವನ ಕಣ್ಣೆದುರಿಗೇ, ಹುಟ್ಟುತ್ತಿತ್ತು.

ಕೋಟೇಶ್ವರಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದಳು. "ಡಾಕ್ಟರಿಗೆ ಫೋನ್ ಮಾಡು ಕೋಟಿ, ಬರ್ತೀನಿ ಅಂತ ಹೇಳು" ಎಂದರು ಸತ್ಯಮೂರ್ತಿಗಳು. ಅವಳು ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಶೇಷಗಿರಿಯ ಕಡೆ ತಿರುಗಿದಳು. ಗಂಡ ಪಕ್ಕದಲ್ಲೇ ಕೂತಿದ್ದರೂ ದನಿ ತಗ್ಗಿಸುವ ಅಗತ್ಯ ಇರಲಿಲ್ಲ, ಆದರೂ ತಗ್ಗಿಸಿಯೇ ಕೇಳಿದಳು: "ನಿಜವಾಗಿ ತಪ್ಪಿತಾ ಅನ್ನಯ್ಯಗಾರು?"

"ಹೌದು ಅಕ್ಕ."

ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಗಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಗಂಡನ ತಲೆಯ ಮೇಲೆ ಒಂದು ಸಲ ಕೈಯಾಡಿಸಿ, ಫೋನು ಹುಡುಕಲು ಇಳಿದುಹೋದಳು. ಮೆಟ್ಟಿಲ ಮೇಲೆ ಅವಳ ಕಾಲಿನ ಸದ್ದು ಕೆಳಗಿನವರೆಗೂ ಕೇಳಿಸಿತು.

ಸತ್ಯಮೂರ್ತಿಗಳು ಕಾಫಿ ಮುಟ್ಟಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿ, ಕಿವುಡರ ಏರಿಳಿತವಿಲ್ಲದ ದನಿಯಲ್ಲಿ ಗುನುಗತೊಡಗಿದರು. ಆ ಗುನುಗು ಯಾವ ರಾಗಕ್ಕೂ ಸೇರುವಂಥದ್ದಾಗಿರಲಿಲ್ಲ. ಆದರೂ ಅದು ಎಲ್ಲಿಯದೆಂದು ಶೇಷಗಿರಿಗೆ ಕೂಡಲೇ ತಿಳಿಯಿತು. ವಾದ್ಯಗಳು ಒಂದೊಂದಾಗಿ ಬಿಟ್ಟುಹೋಗುವ ಜಾಗ. ಗುನುಗು ನಿಂತಿತು, ಕೈ ಎದ್ದು ಗಾಳಿಯಲ್ಲಿ ನಿಂತಿತು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಶೇಷಗಿರಿಯ ಒಳಗೆ ಓಬೋ ಹಿಡಿದ ಸ್ವರ ಹಿಡಿದೇ ಇತ್ತು, ಇನ್ನೂ ಇತ್ತು, ಇನ್ನು ಈಗ ಎಂದುಕೊಳ್ಳುವಾಗಲೇ ಅದರ ಅಡಿಯಿಂದ ತಂತಿಗಳು ಬಂದವು. ಕೈ ಇಳಿಯಲಿಲ್ಲ. ತಂತಿಗಳು ಬಂದು ಮುಂದಕ್ಕೆ ನಡೆದವು. ಬೇಗ ಬರಬಾರದೆಂದು, ಹೇಳಿದ್ದನ್ನು ತಿದ್ದಿಕೊಳ್ಳುವ ವಿಧೇಯತೆಯಿಂದ, ಆ ಮುದುಕ ಕೈಯನ್ನು ಹಾಗೇ ಹಿಡಿದು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಅದನ್ನು ಇಳಿಸಿ, ಹಾಸಿಗೆಯ ಮೇಲಿಟ್ಟು, ಅವನ ಕಡೆ ತಿರುಗಿದರು.

"ಈಗ ಸರಿ ಬಂತಾ ಬಾವಗಾರು?"

ಶೇಷಗಿರಿ ಇಲ್ಲವೆಂದು ತಲೆಯಾಡಿಸಿದ. ಈ ಸಲ ಅದು ನಿಜವಾಗಿತ್ತು.